ಆದ್ರೂ ಕಪ್ ಗೆದ್ದಿಲ್ವಲ್ಲ!

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಬೇಸ್‌ಬಾಲ್ ಕೋಚ್ ಮೈಕ್ ಮಾರ್ಟಿನ್ ಬಗ್ಗೆ ಯಾರು ಈ ಮಾತು ಎತ್ತಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ನಾನಿರುವುದು ಟ್ಯಾಲಹಾಸಿಯಲ್ಲಿ. ಫ್ಲೋರಿಡಾದ ರಾಜಧಾನಿ ಇದು. ಮಯಾಮಿ ಅಲ್ಲ, ಬೀಚೂ ಇಲ್ಲ. ಫ್ಲೋರಿಡಾ ಅಂತ ಆಸೆಯಿಂದ ಬರುವ ನೆಂಟರಿಗೆ ಇಲ್ಲಿ ಸಿಗುವುದು ನಮ್ಮೂರಿನಂಥದೇ ಕೆಂಪು ಮಣ್ಣು, ದಿಬ್ಬ, ಓಕ್ ಮರ. ಇಲ್ಲಿನ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಬೇಸ್‌ಬಾಲ್ ಆಟಕ್ಕೆ ಹೋಗುವ ಚಟ ನನಗೆ ಹತ್ತಿ ಬಹಳ ವರ್ಷವಾಯಿತು. ಆ ಟೀಮಿಗೆ 40 ವರ್ಷ ಕೋಚ್ ಆಗಿದ್ದವರು ಮೈಕ್ ಮಾರ್ಟಿನ್. 1980ರಿಂದ 2019ರವರೆಗೆ 2,029 ಆಟ ಗೆದ್ದರು. ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಮೇಲಿನ ಮಟ್ಟವಾದ ಡಿವಿಷನ್ ಒಂದರಲ್ಲಿ ಅವರು ನಿವೃತ್ತರಾಗುವವರೆಗೂ ಅಷ್ಟು ಗೆದ್ದ ಇನ್ನೊಬ್ಬ ಕೋಚ್ ಇರಲಿಲ್ಲ.

ಇಷ್ಟು ಹೇಳಿ ಮುಗಿಸುವುದರೊಳಗೆ ಎದುರಿಗಿರುವವರು ಫೋನ್ ತೆಗೆದು ಗೂಗಲ್ ಮಾಡಿರುತ್ತಾರೆ. ಆಮೇಲೆ ಬರುತ್ತೆ ನೋಡಿ. "ಆದ್ರೂ ಕಪ್ ಗೆದ್ದಿಲ್ವಲ್ಲ?"

ಇಲ್ಲ. ಗೆದ್ದಿಲ್ಲ. ಕಾಲೇಜು ಟೀಮುಗಳ ರಾಷ್ಟ್ರೀಯ ಟೂರ್ನಿಯ ಕಪ್ ಒಂದು ಸಲವೂ ಗೆದ್ದಿಲ್ಲ. ಸಮಾಧಾನ ಆಯ್ತಾ?

ನನಗೆ ಪ್ರಶ್ನೆಗಿಂತ ಜಾಸ್ತಿ ಉರಿಯುವುದು ಆ "ಆದ್ರೂ". ಮದುವೆ ಮನೆಯಲ್ಲಿ "ಹುಡುಗಿ ಚೆನ್ನಾಗಿದಾಳೆ, ಆದ್ರೂ..." ಅನ್ನುತ್ತಾರಲ್ಲ, ಅದೇ ಧಾಟಿ. ಜೊತೆಗೆ ಮೊದಲ ವಾಕ್ಯದಲ್ಲಿ "ಅವರು" ಆಗಿದ್ದ ಮನುಷ್ಯ ಕಪ್ ಇಲ್ಲ ಅಂತ ಗೊತ್ತಾದ ಕೂಡಲೇ "ಅವನು" ಆಗಿಬಿಡುತ್ತಾರೆ. ಎಪ್ಪತ್ತೈದು ವರ್ಷದವರೆಗೂ ಕೆಲಸ ಮಾಡಿದವರಿಗೆ ಏಕವಚನ! ಗೂಗಲ್ ನೋಡಿ ಎರಡು ಸೆಕೆಂಡ್ ಆಗಿಲ್ಲ.

2024ರ ಯುಗಾದಿ. ಮಾರ್ಟಿನ್ ತೀರಿಕೊಂಡು ಎರಡು ತಿಂಗಳಾಗಿತ್ತು, ಫೆಬ್ರವರಿ 1ಕ್ಕೆ ಹೋದರು, ಕೊನೆಗೆ ಮರೆವಿನ ಕಾಯಿಲೆಯೂ ಕಾಡಿತ್ತು. ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದೆವು, ಒಬ್ಬೊಬ್ಬರು ಒಂದೊಂದು ಅಡುಗೆ ತಂದಿದ್ದರು. ನಾನು ಪೇಪರ್ ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಾಕಿಕೊಂಡು, ಅದು ತಟ್ಟೆ ತೂತು ಮಾಡುವ ಮೊದಲು ತಿಂದು ಮುಗಿಸುವ ಗಡಿಬಿಡಿಯಲ್ಲಿದ್ದೆ. ಪಕ್ಕದಲ್ಲಿ ಬಂದು ಕೂತ ಮಹಾಶಯರೊಬ್ಬರು ನಾನು ಹಾಕಿಕೊಂಡಿದ್ದ ಟೀಮಿನ ಟೋಪಿ ನೋಡಿ ಮಾತು ತೆಗೆದರು. ನಾನು ಪೆದ್ದಿ, ಉತ್ಸಾಹದಿಂದ ಎಲ್ಲ ಹೇಳಿದೆ. 40 ವರ್ಷ, ಪ್ರತಿ ವರ್ಷವೂ 40ಕ್ಕೆ ಕಮ್ಮಿ ಇಲ್ಲದ ಗೆಲುವು, 40 ಸಲವೂ ರಾಷ್ಟ್ರೀಯ ಟೂರ್ನಿಗೆ ಪ್ರವೇಶ. ಒಂದು ವರ್ಷವೂ ತಪ್ಪಿಲ್ಲ. ಅವರು ಹಪ್ಪಳ ಮುರಿದುಕೊಂಡು ಕೇಳಿದರು, "ಆದ್ರೂ ಕಪ್ ಗೆದ್ದಿಲ್ವಲ್ಲ ಅವ್ನು? ಅಷ್ಟು ವರ್ಷ ಕೂತ್ರೆ ಯಾರ್ ಬೇಕಾದ್ರೂ ಗೆಲ್ತಾರೆ ಬಿಡಿ."

ಹೇಳಿದವರು ಹಾಕಿಕೊಂಡಿದ್ದದ್ದು ಆರ್‌ಸಿಬಿ ಜೆರ್ಸಿ. 2024ರಲ್ಲಿ! ಹದಿನಾರು ಸೀಸನ್ ಕಪ್ಪಿನ ಮುಖ ನೋಡದೆ, ಪ್ರತಿ ಏಪ್ರಿಲ್‌ನಲ್ಲೂ "ಈ ಸಲ ಕಪ್ ನಮ್ದೆ" ಅಂತ ಕೂಗಿದ ಜೀವ ಅದು. ನಾನು ಏನೂ ಅನ್ನಲಿಲ್ಲ. ಬಾಯಲ್ಲಿ ಬಿಸಿಬೇಳೆಬಾತ್ ಇತ್ತು. ಇದನ್ನೆಲ್ಲ ಬರೆಯುತ್ತಿರುವುದಕ್ಕೆ ಆ ತುತ್ತೇ ಕಾರಣ ಅಂದುಕೊಳ್ಳಿ.

(ಕಥೆ ಅಲ್ಲಿಗೇ ಮುಗಿಯಲಿಲ್ಲ. 2025ರ ಜೂನ್ 3ಕ್ಕೆ ಆರ್‌ಸಿಬಿ ಕೊನೆಗೂ ಗೆದ್ದಿತಲ್ಲ, ಇಲ್ಲಿ ಮಧ್ಯಾಹ್ನ, ನಾನು ಆಫೀಸಿನಲ್ಲಿ. ಇವರ ಫೋನ್. "ನೋಡಿದ್ರಾ! ನಮ್ದಾಯ್ತು. ನಿಮ್ಮೋರು ಯಾವಾಗ?" ಖುಷಿಯಿಂದ ಅಳುತ್ತಿದ್ದರು. ಬೈಯಲೂ ಆಗಲಿಲ್ಲ.)

ಸರಿ, ಲೆಕ್ಕಕ್ಕೆ ಬರೋಣ. ಕಾಲೇಜು ಬೇಸ್‌ಬಾಲ್ ಫೆಬ್ರವರಿ ಮಧ್ಯದಲ್ಲಿ ಶುರುವಾಗುತ್ತದೆ. ಮೇ ಹೊತ್ತಿಗೆ ಹೆಚ್ಚೂ ಕಡಿಮೆ 56 ಆಟ. ಆಮೇಲೆ 64 ಟೀಮುಗಳ ಟೂರ್ನಿ. ಅದರಲ್ಲಿ ಎರಡು ಸುತ್ತು ದಾಟಿದ ಎಂಟು ಟೀಮು ನೆಬ್ರಾಸ್ಕಾದ ಒಮಾಹಾಕ್ಕೆ ಹೋಗುತ್ತವೆ. 1950ರಿಂದಲೂ ಕೊನೆಯ ಹಂತ ನಡೆಯುವುದು ಅಲ್ಲೇ. ಮಾರ್ಟಿನ್ 17 ಸಲ ತಮ್ಮ ಟೀಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಎರಡು ಸಲ ಕೊನೆಯ ಆಟದವರೆಗೆ ಹೋಗಿ ಸೋತರು. 1986ರಲ್ಲಿ ಅರಿಜೋನಾ ಎದುರು 10-2, ಅದು ಬಿಡಿ, ಹೊಡೆತ. ಆದರೆ 1999ರಲ್ಲಿ ಮಯಾಮಿ ಎದುರು 6-5. ಒಂದೇ ಒಂದು ರನ್. ಅದೂ ತಮ್ಮದೇ ರಾಜ್ಯದ ಬದ್ಧ ವೈರಿ ಎದುರು. ನಾನಾಗ ಇಲ್ಲಿರಲಿಲ್ಲ. ಆದರೆ ಗ್ರೌಂಡಿನಲ್ಲಿ ನನ್ನ ಪಕ್ಕ ಕೂರುವ ಅಜ್ಜ ಆ ಆಟದ ಸುದ್ದಿ ಬಂದರೆ ಇವತ್ತಿಗೂ ಎದ್ದು ಕಡ್ಲೆಕಾಯಿ ತರುವ ನೆಪದಲ್ಲಿ ಆಚೆ ಹೋಗುತ್ತಾರೆ.

ಆಡಿದ ಪ್ರತಿ ನಾಲ್ಕರಲ್ಲಿ ಸುಮಾರು ಮೂರು ಆಟ ಗೆದ್ದ ಮನುಷ್ಯ. ಆದರೆ ಬೇಸ್‌ಬಾಲ್‌ನಲ್ಲಿ ನಾಲ್ಕರಲ್ಲಿ ಮೂರು ಗೆದ್ದರೂ ಜೂನ್ ತಿಂಗಳಲ್ಲಿ ಒಂದು ವಾರ ಚೆಂಡು ಸರಿಯಾಗಿ ಬೀಳದಿದ್ದರೆ ಮುಗೀತು. ಆಗಸ್ಟ್ ಗ್ಯಾರಿಡೋ ಅಂತ ಇನ್ನೊಬ್ಬ ದೊಡ್ಡ ಕೋಚ್ ಇದ್ದರು, ಎಲ್ಲರೂ ಅವರನ್ನು "ಆಗೀ" ಅನ್ನುತ್ತಿದ್ದರು. ಕ್ಯಾಲ್ ಸ್ಟೇಟ್ ಫುಲರ್ಟನ್ ಯೂನಿವರ್ಸಿಟಿಯಲ್ಲಿ ಮೂರು, ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಎರಡು, ಒಟ್ಟು ಐದು ಕಪ್. ಅವರ 1,975 ಗೆಲುವಿನ ದಾಖಲೆಯನ್ನೇ ಮಾರ್ಟಿನ್ 2018ರಲ್ಲಿ ದಾಟಿದ್ದು. "ಹಾಗಾದ್ರೆ ಗ್ಯಾರಿಡೋನೇ ದೊಡ್ಡೋನಲ್ವಾ?" ಅಂತೀರಿ. ಇರಬಹುದು ರೀ! ಬೇಡ ಅಂದವರ್ಯಾರು? ಕಪ್ಪಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. 17 ಸಲ ಒಮಾಹಾಕ್ಕೆ ಹೋದವರು ಊರು ನೋಡಲು ಹೋಗಿದ್ದರಾ? ಗೆಲ್ಲಲೇ ಹೋಗಿದ್ದು. ಗೆಲ್ಲಲಿಲ್ಲ. 1965ರಲ್ಲಿ ಇದೇ ಕಾಲೇಜಿನ ಆಟಗಾರರಾಗಿ ಒಮಾಹಾಕ್ಕೆ ಹೋದಾಗಲೂ ಗೆಲ್ಲಲಿಲ್ಲ. ನನ್ನ ತಕರಾರು ಇಷ್ಟೇ, ಆ ಮನುಷ್ಯನ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದು ಅತ್ಯಂತ ಸಪ್ಪೆಯದು.

ಒಂದು ತಮಾಷೆ ಕೇಳಿ. ಇಲ್ಲಿನ ಸ್ಟೇಡಿಯಂ ಹೆಸರು ಡಿಕ್ ಹೌಸರ್ ಸ್ಟೇಡಿಯಂ. ಹೌಸರ್ ಇಲ್ಲಿ ಆಡಿದವರು, ಆಮೇಲೆ ಕೋಚ್ ಆಗಿದ್ದು 1979ರಲ್ಲಿ ಒಂದೇ ವರ್ಷ. ದುಡ್ಡಿಗೆ ಆಡುವ ದೊಡ್ಡ ಟೀಮು ನ್ಯೂಯಾರ್ಕ್ ಯಾಂಕೀಸ್‌ನಿಂದ ಕರೆ ಬಂತು, ಹೊರಟರು. ಯಾರು ತಾನೇ ಹೊರಡಲ್ಲ? 1985ರಲ್ಲಿ ಕ್ಯಾನ್ಸಸ್ ಸಿಟಿಗೆ ವರ್ಲ್ಡ್ ಸೀರೀಸ್, ಅಂದರೆ ಆ ದೊಡ್ಡ ಟೀಮುಗಳ ಕಪ್, ಗೆದ್ದುಕೊಟ್ಟರು, ಎರಡೇ ವರ್ಷಕ್ಕೆ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಅವರು ಬಿಟ್ಟುಹೋದ ಕುರ್ಚಿಯಲ್ಲಿ ಅಸಿಸ್ಟೆಂಟ್ ಆಗಿದ್ದ ಮಾರ್ಟಿನ್ ಕೂತರು. ಮುಂದೆ ಒಳಗಿನ ಮೈದಾನಕ್ಕೆ ಮಾರ್ಟಿನ್ ಹೆಸರು ಇಟ್ಟರು. ಹಾಗಾಗಿ ಪೂರ್ತಿ ವಿಳಾಸ ಹೇಳಬೇಕೆಂದರೆ ಡಿಕ್ ಹೌಸರ್ ಸ್ಟೇಡಿಯಂನ ಮೈಕ್ ಮಾರ್ಟಿನ್ ಫೀಲ್ಡ್. ಕಟ್ಟಡ ಒಂದು ವರ್ಷ ಇದ್ದವರದು, ನೆಲ 40 ವರ್ಷ ಇದ್ದವರದು. ಕಾಲಿಟ್ಟ ಪ್ರತಿ ಸಲವೂ ನನಗೆ ಇದು ನೆನಪಾಗಿ ನಗು ಬರುತ್ತೆ.

ಈಗ ನಿಜವಾದ ವಿಷಯ. ನನ್ನನ್ನು ಒಬ್ಬರೇ ಒಬ್ಬರು ಬೇರೆ ಪ್ರಶ್ನೆ ಕೇಳಿದ್ದಾರೆ. ನಮ್ಮಪ್ಪ.

ಅಪ್ಪ ತಿಪಟೂರು ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಖೋ ಖೋ ಅಂದರೆ ಪ್ರಾಣ. ಅವರ ಟೀಮು ಹೋಬಳಿ, ತಾಲ್ಲೂಕು ದಾಟಿ ಜಿಲ್ಲೆಯಲ್ಲೂ ಗೆದ್ದಿದೆ, ವಿಭಾಗ ಮಟ್ಟದಿಂದ ಮುಂದೆ ಒಂದು ಸಲವೂ ಹೋಗಿಲ್ಲ. 2019ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಿದ್ದರು. ಅದು ಮಾರ್ಟಿನ್ ಅವರ ಕೊನೆಯ ಸೀಸನ್. ಮಾರ್ಚ್‌ನಲ್ಲಿ 2,000 ಗೆಲುವು ದಾಟಿದ ಸಂಭ್ರಮ ಆಗಿತ್ತು, ಆದರೆ ಟೀಮು ಆ ವರ್ಷ ಅಷ್ಟಕ್ಕಷ್ಟೇ, ಟೂರ್ನಿಗೆ ಸೇರುವುದೇ ಅನುಮಾನ ಅನ್ನುವ ಹಾಗಿತ್ತು. ಅಪ್ಪನನ್ನು ಆಟಕ್ಕೆ ಕರೆದುಕೊಂಡು ಹೋದೆ. ಬಿಸಿಲಿಗೆ ತಲೆ ಮೇಲೆ ಟವೆಲ್, ಕೈಯಲ್ಲಿ ನನ್ನ ಸ್ಕೋರ್ ಬುಕ್ಕು.

ಮೊದಲು ಕೇಳಿದ್ದು, "ಆ ಹಿರಿಯರು ಯಾಕಮ್ಮ ಹುಡುಗರ ಬಟ್ಟೆ ಹಾಕ್ಕೊಂಡಿದಾರೆ?" ಬೇಸ್‌ಬಾಲ್‌ನಲ್ಲಿ ಕೋಚುಗಳೂ ಆಟಗಾರರ ಯೂನಿಫಾರ್ಮೇ ಹಾಕುವುದು ವಾಡಿಕೆ ಅಂತ ವಿವರಿಸಿದೆ. ಮಾರ್ಟಿನ್ ಬೆನ್ನ ಮೇಲೆ 11ನೇ ನಂಬರ್. ಇಲ್ಲಿಯವರು ಅವರನ್ನು ಕರೆಯುವುದೇ "ಇಲೆವೆನ್" ಅಂತ. ಅಪ್ಪನಿಗೆ ಅದು ಬಹಳ ಹಿಡಿಸಿತು. ತಾವು ನಿವೃತ್ತಿಯ ದಿನದವರೆಗೂ ಬಿಳಿ ಪ್ಯಾಂಟ್, ಕ್ಯಾನ್ವಾಸ್ ಶೂ ಬಿಟ್ಟವರಲ್ಲ.

ಐದನೇ ಇನ್ನಿಂಗ್ಸ್ ನಡುವೆ ಇಲ್ಲೊಂದು ಪದ್ಧತಿ ಇದೆ. ಬಿ ಸೆಕ್ಷನ್‌ನಲ್ಲಿ ಕೂರುವ ಒಂದು ಗುಂಪು, ಹೆಸರೇ "ಅನಿಮಲ್ಸ್", ಎದ್ದು ನಿಂತು ಕೆನಡಾದ ರಾಷ್ಟ್ರಗೀತೆ ಹಾಡುತ್ತದೆ. ಹೌದು, ಕೆನಡಾದ್ದೇ. ಸುತ್ತಲಿನವರೂ ದನಿ ಸೇರಿಸುತ್ತಾರೆ. ರಾಷ್ಟ್ರಗೀತೆಯ ಧಾಟಿ ಕಿವಿಗೆ ಬಿದ್ದದ್ದೇ ಅಪ್ಪ ಟವೆಲ್ ತೆಗೆದು, ಅಟೆನ್ಷನ್‌ನಲ್ಲಿ ನಿಂತುಬಿಟ್ಟರು. ಹಿಮ್ಮಡಿ ಜೋಡಿಸಿ, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ಒತ್ತಿ. ಹಿಂದಿನ ಸಾಲಿನವರು ಪಾಪ್‌ಕಾರ್ನ್ ತಿಂದುಕೊಂಡು ಹಾಡುತ್ತಿದ್ದರು. ಮುಗಿದ ಮೇಲೆ ಕೆನಡಾದ ಗೀತೆ ಅಂತ ಹೇಳಿದೆ. "ಇಲ್ಯಾಕೆ?" ಅಂದರು. "ಸುಮ್ನೆ, ಅಭ್ಯಾಸ" ಅಂದೆ. ಒಂದು ನಿಮಿಷ ಯೋಚನೆ ಮಾಡಿ, "ಯಾರದಾದ್ರೂ ರಾಷ್ಟ್ರಗೀತೆ ತಾನೆ, ನಿಂತಿದ್ದು ತಪ್ಪಲ್ಲ" ಅಂದರು.

ಏಳನೇ ಇನ್ನಿಂಗ್ಸ್‌ನಲ್ಲಿ ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವ ಹುಡುಗ, ಸಿಕ್ಕಾಪಟ್ಟೆ ಹೊಡೆಸಿಕೊಂಡ. ಕೋಚ್ ಒಬ್ಬರು ನಡೆದುಕೊಂಡು ಹೋಗಿ, ಅವನ ಕೈಯಿಂದ ಚೆಂಡು ಇಸಿದುಕೊಂಡು, ಬೆನ್ನು ತಟ್ಟಿ ಕಳಿಸಿದರು. ಅವನು ತಲೆ ತಗ್ಗಿಸಿಕೊಂಡು ಡಗ್‌ಔಟ್ ಸೇರುವವರೆಗೂ ಅಪ್ಪ ಅವನನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಇವರಿಗೆ ಒಬ್ಬ ಹುಡುಗ ಎಷ್ಟು ವರ್ಷ ಸಿಗ್ತಾನೆ?"

ನೋಡಿ, ಇದು ಪ್ರಶ್ನೆ! ಕಪ್ ಗಿಪ್ ಎಲ್ಲ ಆಮೇಲೆ.

ಹೇಳಿದೆ. ಒಳ್ಳೆಯ ಹುಡುಗನಾದರೆ ಮೂರೇ ವರ್ಷ. ಮೂರನೇ ವರ್ಷ ಮುಗಿಯುತ್ತಿದ್ದ ಹಾಗೆ ಮೇಜರ್ ಲೀಗ್‌ನವರು, ಅಂದರೆ ದುಡ್ಡಿಗೆ ಆಡುವ ದೊಡ್ಡ ಟೀಮುಗಳವರು, ಡ್ರಾಫ್ಟ್ ಅನ್ನುವ ಆಯ್ಕೆಯಲ್ಲಿ ಎತ್ತಿಕೊಂಡು ಹೋಗುತ್ತಾರೆ. ಇನ್ನೂ ಒಳ್ಳೆಯವನಾದರೆ ಹೈಸ್ಕೂಲಿನಿಂದಲೇ ಎತ್ತುತ್ತಾರೆ, ಕಾಲೇಜಿಗೆ ಬರುವುದೇ ಇಲ್ಲ. ಇದರ ಮೇಲೆ ದುಡ್ಡಿನ ಕಥೆ. ಆ ಕಾಲದ ನಿಯಮದಲ್ಲಿ ಒಂದು ಟೀಮಿಗೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನು 27 ಹುಡುಗರವರೆಗೆ ಹಂಚಬಹುದು. ಅಪ್ಪ ಸ್ಕೋರ್ ಬುಕ್ಕಿನ ಮೂಲೆಯಲ್ಲಿ ಭಾಗಾಕಾರ ಮಾಡಿದರು. "ಅರ್ಧ ಹುಡುಗನೂ ಬರಲ್ವಲ್ಲಮ್ಮ ಒಬ್ಬೊಬ್ಬನ ಪಾಲಿಗೆ!" ಬರಲ್ಲ. ಪೂರ್ತಿ ಫೀಸು ಕೊಡಲಾಗದೆ, ಅರ್ಧ ಕೊಟ್ಟು, ಅಪ್ಪ ಅಮ್ಮಂದಿರನ್ನು ಒಪ್ಪಿಸಿ ಕರೆತರಬೇಕು. ಅಪ್ಪ ಮಂಡಿ ಪಟ್ಟಿಗೆ ಮುಖ್ಯೋಪಾಧ್ಯಾಯರ ಹತ್ತಿರ ಅಲೆದದ್ದನ್ನು ನೆನೆಸಿಕೊಂಡು ಜೋರಾಗಿ ನಕ್ಕರು.

ಬಸ್ಟರ್ ಪೋಸಿ ಕಥೆಯನ್ನೂ ಹೇಳಿದೆ. 2006ರಲ್ಲಿ ಶಾರ್ಟ್‌ಸ್ಟಾಪ್ ಆಗಿ ಬಂದ ಹುಡುಗ. ಅಂದರೆ ಎರಡನೇ ಮೂರನೇ ಬೇಸ್ ನಡುವೆ ನಿಂತು ಚುರುಕಾಗಿ ಓಡಾಡುವವನು. ಎರಡನೇ ವರ್ಷ ಇವರು ಅವನನ್ನು ಕ್ಯಾಚರ್ ಮಾಡಿದರು, ಕುಕ್ಕರಗಾಲಲ್ಲಿ ಕೂತು ಇಡೀ ಆಟ ಚೆಂಡು ಹಿಡಿಯುವ ಕೆಲಸ. ಮೂರನೇ ವರ್ಷಕ್ಕೆ ಅವನು ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಆ ವರ್ಷ ಒಂದು ಆಟದಲ್ಲಿ ಒಂಬತ್ತಕ್ಕೆ ಒಂಬತ್ತು ಜಾಗದಲ್ಲೂ ಆಡಿದ. ಅವನಿದ್ದ ಟೀಮು ಒಮಾಹಾಕ್ಕೆ ಹೋಯಿತು, ಎರಡೂ ಆಟ ಸೋತು ವಾಪಸ್ ಬಂತು. ಅವನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಹೋದ, ಅಲ್ಲಿ 2010, 2012, 2014ರಲ್ಲಿ ಮೂರು ವರ್ಲ್ಡ್ ಸೀರೀಸ್ ಗೆದ್ದ. ಮಾರ್ಟಿನ್ ಮುಂದಿನ ಫೆಬ್ರವರಿಗೆ ಇನ್ನೊಬ್ಬ ಕ್ಯಾಚರ್‌ನನ್ನು ಹುಡುಕಿದರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು, "ನನಗೂ ಹಂಗೇ. ಎಂಟನೇ ಕ್ಲಾಸಲ್ಲಿ ಕಂಬದ ಹತ್ರ ತಿರುಗಕ್ಕೇ ಬರಲ್ಲ. ಹತ್ತನೇ ಕ್ಲಾಸಿಗೆ ಹಾವಿನ ತರ ತಿರುಗ್ತಾರೆ. ಅಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ಮುಗೀತು, ಟಾಟಾ."

ನನ್ನಪ್ಪನಿಗೂ ಮಾರ್ಟಿನ್ ಅವರಿಗೂ ಹೋಲಿಕೆ ಮಾಡುತ್ತಿದ್ದೀನಿ ಅಂತ ನಗಬೇಡಿ. ಒಬ್ಬರಿಗೆ ಸ್ಟೇಡಿಯಂ, ಇನ್ನೊಬ್ಬರಿಗೆ ಸುಣ್ಣದ ಗೆರೆ. ಅಷ್ಟು ಬುದ್ಧಿ ನನಗೂ ಇದೆ. ಆದರೆ ಅವತ್ತು ಆ ಬೆಂಚಿನ ಮೇಲೆ ಕೂತು ಆಟ ಅರ್ಥ ಮಾಡಿಕೊಂಡವರು ನನಗಿಂತ ಅಪ್ಪನೇ.

ಆ ಸೀಸನ್ ಹೇಗೆ ಮುಗೀತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದನ್ನೂ ಕೇಳುತ್ತೀರಿ. ಟೂರ್ನಿಗೆ ಹೇಗೋ ತೂರಿಕೊಂಡರು, ಆಗ ಗೆಲುವು ಬರೀ 36. ಜಾರ್ಜಿಯಾದ ಏಥೆನ್ಸ್‌ನಲ್ಲಿ ಮೂರಕ್ಕೆ ಮೂರು ಗೆದ್ದರು. ಬ್ಯಾಟನ್ ರೂಜ್‌ಗೆ ಹೋಗಿ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ಎದುರು ಎರಡಕ್ಕೆ ಎರಡು, ಎರಡನೆಯದು ಒಂಬತ್ತಕ್ಕೆ ಮುಗಿಯದೆ 12ನೇ ಇನ್ನಿಂಗ್ಸ್‌ವರೆಗೆ ಎಳೆದಾಡಿತು. 40 ಗೆಲುವಿನ ಲೆಕ್ಕ ಕೊನೆಯ ವರ್ಷವೂ ತಪ್ಪಲಿಲ್ಲ. ಒಮಾಹಾದಲ್ಲಿ ಆರ್ಕನ್ಸಾ ಮೇಲೆ 1-0 ಗೆಲುವು, ಮಿಷಿಗನ್ ಎದುರು 2-0 ಸೋಲು, ಟೆಕ್ಸಸ್ ಟೆಕ್ ಎದುರು 4-1 ಸೋಲು. ಮೂರು ಆಟದಲ್ಲಿ ಹೊಡೆದದ್ದು ಎರಡು ರನ್! ಎರಡು ರನ್ ಇಟ್ಟುಕೊಂಡು ಕಪ್ ಎಲ್ಲಿಂದ ತರಲಿ?

ಈಗ ಕೋಚ್ ಆಗಿರುವವರು ಲಿಂಕ್ ಜಾರೆಟ್, ಮಾರ್ಟಿನ್ ಹತ್ತಿರವೇ ಆಡಿ ಬೆಳೆದವರು. ಅವರ ಮೊದಲ ವರ್ಷ, 2023ರಲ್ಲಿ, ಟೀಮು ಮಕಾಡೆ ಮಲಗಿತ್ತು. ಮಾರ್ಟಿನ್ ತೀರಿಕೊಂಡ 2024ರಲ್ಲಿ ಒಮಾಹಾ ಸೇರಿತು. ಟೆನ್ನೆಸ್ಸಿ ಎರಡು ಸಲ ಸೋಲಿಸಿ ಮನೆಗೆ ಕಳಿಸಿತು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ, ಕಾಫಿ ಕುಡಿಯುತ್ತಿದ್ದರು.

"ಹೋಯ್ತಾ?"

"ಹೋಯ್ತಪ್ಪ."

"ಹೋಗ್ಲಿ ಬಿಡು. ಆ ಕೆನಡಾ ಹಾಡು ಇನ್ನೂ ಹಾಡ್ತಾರಾ?"

ಹಾಡ್ತಾರೆ ಅಂದೆ.

"ಯಾರಾದ್ರೂ ನೆಟ್ಟಗೆ ನಿಂತ್ಕೊಳ್ತಾರಾ?"