ಬಿರುಗಾಳಿ ರಾತ್ರಿಯ ದೊಡ್ಡ ಟಾರ್ಚ್

ಹೊಳಲ್ಕೆರೆ ಕಡೆ ರಾತ್ರಿ ತೋಟಕ್ಕೆ ಹೋಗುವವರ ಕೈಯಲ್ಲಿ ಬ್ಯಾಟ್ರಿ ಇದ್ದೇ ಇರುತ್ತದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ದಾರಿಯಲ್ಲಿ ಕೊಳಕುಮಂಡಲ, ಚೇಳು, ಒಮ್ಮೊಮ್ಮೆ ಕರಡಿ. ಹಾಗಾಗಿ ನನ್ನ ತಮ್ಮ, ಅಂದರೆ ಚಿಕ್ಕಪ್ಪನ ಮಗ, ದೂರಕ್ಕೆ ಬೆಳಕು ಬೀಳುವ ದೊಡ್ಡ ಟಾರ್ಚ್ ತರಿಸಿದಾಗ ಯಾರೂ ಏನೂ ಅನ್ನಲಿಲ್ಲ. ಬೆಲೆ ಕೇಳಿದ ಚಿಕ್ಕಪ್ಪ ಮಾತ್ರ, "ಈ ದುಡ್ಡಿಗೆ ಗೊಬ್ಬರ ಬರ್ತಿತ್ತಲ್ಲೋ" ಅಂದರು.

ಭರಣಿ ಮಳೆ ಹೊತ್ತು. ಸಂಜೆ ಎದ್ದ ಗಾಳಿ ಕತ್ತಲಾಗುವಷ್ಟರಲ್ಲಿ ಹುಚ್ಚೆದ್ದಿತು. ಆಲಿಕಲ್ಲು ಬಿತ್ತು, ಕರೆಂಟ್ ಹೋಯಿತು. ದನದ ಕೊಟ್ಟಿಗೆಯ ತಗಡು ಕಿತ್ತು ಬಂದು ಚಿಕ್ಕಪ್ಪನ ಮೀನಖಂಡಕ್ಕೆ ಬಡಿಯಿತು. ಚಿಕ್ಕಮ್ಮ ಟವೆಲ್ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. 108ಕ್ಕೆ ಫೋನ್ ಸಿಕ್ಕಿತು, ಆದರೆ ತೋಟದ ಮನೆಯಿಂದ ರಸ್ತೆಗೆ ನಾವೇ ಹೋಗಬೇಕಿತ್ತು.

ಅಂಗಳ ದಾಟಿದ ತಮ್ಮ ದಾರಿಯುದ್ದಕ್ಕೂ ಬೆಳಕು ಬಿಟ್ಟ. ತಕ್ಷಣ "ಅಣ್ಣಾ, ನಿಲ್ಲು" ಎಂದ. ದೂರದಲ್ಲಿ ಕಂಬ ವಾಲಿತ್ತು, ತಂತಿ ಹುಲ್ಲಿನ ಮೇಲೆ ಬಿದ್ದಿತ್ತು. ಮೊಬೈಲ್ ಲೈಟ್ ಆಗಿದ್ದರೆ ನಮ್ಮ ಕಾಲ ಮುಂದಿನ ಕೆಸರಷ್ಟೇ ಕಾಣುತ್ತಿತ್ತು.

"ಕರೆಂಟೇ ಇಲ್ವಲ್ಲ, ದಾಟಿ ಹೋಗೋಣ" ಅಂದರು ಪಕ್ಕದ ತೋಟದವರು. ತಮ್ಮ ಒಪ್ಪಲಿಲ್ಲ. ಮನೆಯ ದೀಪ ಆರಿದ ಮಾತ್ರಕ್ಕೆ ತಂತಿ ಸತ್ತಿದೆ ಅಂತಲ್ಲ. ಲೈನ್ ಯಾವ ಗಳಿಗೆಯಲ್ಲಾದರೂ ಮತ್ತೆ ಚಾರ್ಜ್ ಆಗಬಹುದು. ಒದ್ದೆ ನೆಲದಲ್ಲಿ ತಂತಿ ಮುಟ್ಟಲೇಬೇಕೆಂದೂ ಇಲ್ಲ: ಎರಡು ಕಾಲಿನ ಕೆಳಗಿನ ವೋಲ್ಟೇಜ್ ಬೇರೆ ಬೇರೆ ಆದರೆ ಮೈಯೊಳಗೆ ಕರೆಂಟ್ ಹರಿಯುತ್ತದೆ. ಕನಿಷ್ಠ 10 ಮೀಟರ್ ದೂರ ಇರಬೇಕು. ಕರೆಂಟ್ ದೂರಿನ ನಂಬರ್ 1912ಕ್ಕೆ ತಿಳಿಸಿ, ಚಿಕ್ಕಪ್ಪನನ್ನು ಎತ್ತಿಕೊಂಡು ಅಡಿಕೆ ತೋಟದೊಳಗಿಂದ ಸುತ್ತು ಹೊಡೆದೆವು.

ಮಳೆ ಜೋರಾದಾಗ ಒಂದು ವಿಚಿತ್ರ ಆಯಿತು. ಟಾರ್ಚನ್ನು ಹಣೆ ಮಟ್ಟದಲ್ಲಿ ಹಿಡಿದರೆ ಹನಿಗಳೇ ಹೊಳೆದು ಎದುರಿಗೆ ಬಿಳಿ ಪರದೆ ಕಟ್ಟಿದಂತೆ. ಸೊಂಟದ ಹತ್ತಿರ ಇಳಿಸಿ, ಬೆಳಕು ತಗ್ಗಿಸಿದ ಮೇಲೆ ದಾರಿ ಕಂಡಿತು. ಜಾಸ್ತಿ ಬೆಳಕು ಅಂದರೆ ಜಾಸ್ತಿ ಕಾಣುತ್ತದೆ ಅಂತಲ್ಲ, ಅಲ್ವಾ? ಹೇಗೂ ಫುಲ್ ಬೆಳಕಿನಲ್ಲಿ ಬಹಳ ಹೊತ್ತು ಇಟ್ಟರೆ ಕೈಗೆ ಬಿಸಿ ತಾಗುತ್ತದೆ, ಇಂಥ ಟಾರ್ಚ್‌ಗಳು ತಾವಾಗಿಯೇ ಬೆಳಕು ಇಳಿಸಿಕೊಳ್ಳುತ್ತವೆ.

ರಸ್ತೆಗೆ ಬಂದರೆ ಆಂಬುಲೆನ್ಸ್‌ನವರಿಗೆ ನಮ್ಮ ತೋಟ ಸಿಕ್ಕಿಲ್ಲ. ಊರು ಪೂರ್ತಿ ಕತ್ತಲು, ಗುರುತು ಹೇಳೋದಾದರೂ ಹೇಗೆ? ತಮ್ಮ ಬೆಳಕನ್ನು ನೇರ ಮೇಲಕ್ಕೆ ಬಿಟ್ಟು ನಿಧಾನವಾಗಿ ಆಡಿಸಿದ. ಅತ್ತ ತಿರುವಿನಿಂದಲೇ ಡ್ರೈವರ್, "ಕಾಣ್ತು, ಕಾಣ್ತು" ಅಂತ ಫೋನಿನಲ್ಲಿ ಕೂಗಿದರು. ವಾಹನ ಹತ್ತಿರ ಬಂದಾಗ ಬೆಳಕನ್ನು ಬೇವಿನ ಮರಕ್ಕೆ ತಿರುಗಿಸಿದ. ಡ್ರೈವರ್ ಕಣ್ಣಿಗೆ ಬಿಟ್ಟರೆ ಅವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಹೊಲಿಗೆ ಬಿತ್ತು, ವಾಸಿಯೂ ಆಯಿತು. ಆಮೇಲೆ ಪಕ್ಕದ ತೋಟದವರೂ ಅಂಥದ್ದೇ ಟಾರ್ಚ್ ಕೊಂಡು ತಂದು ತೋರಿಸಿದರು. ಸೆಲ್ ಮೇಲೆ 9900 ಎಂಎಎಚ್ ಅಂತ, ಅಂದರೆ ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ, ಅಚ್ಚಾಗಿತ್ತು. ತಮ್ಮ ನಕ್ಕ. ಇಂಥ ಟಾರ್ಚ್‌ಗೆ ಹಾಕುವ 18650 ಅನ್ನೋ ಅಳತೆಯ ಒಳ್ಳೆ ಲಿಥಿಯಂ ಸೆಲ್ ಅಂದರೂ 3500ರ ಆಸುಪಾಸು. ವಾಪಸ್ ಕೊಡಿ ಅಂದ.

ಕಂಬ ನಿಲ್ಲಿಸುವವರೆಗೆ ಕರೆಂಟ್ ಬರಲಿಲ್ಲ. ಆ ದಿನಗಳಲ್ಲಿ ಟಾರ್ಚ್ ಚಿಕ್ಕಮ್ಮನದಾಯಿತು. ಕಡಿಮೆ ಬೆಳಕಿಗೆ ಇಟ್ಟು, ಸುಣ್ಣ ಬಳಿದ ಸೂರಿನ ಕಡೆ ಮುಖ ಮಾಡಿ ನಿಲ್ಲಿಸಿದರೆ ಅಡಿಗೆಮನೆಗೆಲ್ಲ ಹರಡುತ್ತಿತ್ತು. "ರೊಟ್ಟಿ ಬೆಂದಿದ್ದು ಕಾಣುತ್ತೆ, ಸಾಕು" ಅಂದರು. ತಮ್ಮನಿಗೆ ಅದನ್ನು ವಾಪಸ್ ಪಡೆಯೋಕೆ ಕರೆಂಟ್ ಬರಬೇಕಾಯಿತು.