ನಮ್ಮೂರಿನ ಪ್ರಧಾನರು

ಹೈಸ್ಕೂಲಿನ ಹಿಂದಿನ ಹಳ್ಳ ದಾಟಿ ಬಂದವರಿಗೆಲ್ಲ ಪ್ರಧಾನರು ಗೊತ್ತು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಕಾಲುಸಂಕದ ತುದಿಯಲ್ಲಿ ನಿಂತಿರುತ್ತಿದ್ದರು. ಹಳ್ಳ ಕೆಂಪಗಾಗಿ ನೀರು ಸಂಕಕ್ಕೆ ತಾಗುವ ಹಾಗಿದ್ದರೆ, "ಇವತ್ತು ಶಾಲೆ ಇಲ್ಲ, ಮನೆಗೆ ನಡೀರಿ" ಅಂತ ಆಚೆ ದಡದವರನ್ನು ವಾಪಸ್ ಕಳಿಸುತ್ತಿದ್ದರು. ರಜೆ ಕೊಡುವ ಅಧಿಕಾರ ಹೆಡ್ ಮಾಸ್ಟರಿಗಿಂತ ಅವರಿಗೇ ಜಾಸ್ತಿ ಅಂತ ನಾವು ನಂಬಿದ್ದೆವು.

ಈಗಿನ ಮಕ್ಕಳಿಗೆ ಪ್ರಧಾನರು ಯಾರು ಅಂತ ಹೇಳಬೇಕಾಗುತ್ತದೆ. 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿಗಳು ಬಂದವು. ಅದರ ಮುಖ್ಯಸ್ಥನಿಗೆ ಪ್ರಧಾನ ಅಂತ ಹೆಸರು. ನೀರ್ ಸಾಬ್ ಅಂತಲೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ. 1987ರಲ್ಲಿ ಚುನಾವಣೆ ನಡೆದು ನಮ್ಮ ಮಂಡಲಕ್ಕೆ ಇವರು ಪ್ರಧಾನರಾದರು. 1993ರ ಕಾಯ್ದೆಯಿಂದ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು. ಇವರು ಮುಂದೆ ಮೆಂಬರಾದರು, ಸೋತರು, ಅಧ್ಯಕ್ಷರೂ ಆದರು. ಊರವರ ಬಾಯಲ್ಲಿ ಮಾತ್ರ ಕೊನೆಗೂ ಪ್ರಧಾನರೇ.

ಅವರದ್ದು ಗೇಣಿ ರೈತರ ಮನೆ. ಅವರ ಅಪ್ಪ ಕಾಗೋಡಿನ ಸುದ್ದಿ ತೆಗೆದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. 1951ರಲ್ಲಿ ಸಾಗರದ ಹತ್ತಿರದ ಆ ಊರಿನ ರೈತರು ಜಮೀನಿನ ಒಡೆಯರ ಎದುರು ನಿಂತರಲ್ಲ, ಅದರಲ್ಲಿ ಕೊಳಗದ ಜಗಳವೂ ಇತ್ತು. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದು ಅನ್ನುವುದು ರೈತರ ತಕರಾರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಅರೆಸ್ಟಾದ ಹೋರಾಟ ಅದು. ಅಂಥ ಕತೆ ಕೇಳಿ ಬೆಳೆದ ಹುಡುಗನಿಗೆ ಅಳತೆ, ಲೆಕ್ಕ ಅಂದರೆ ಕಿವಿ ನೆಟ್ಟಗಾಗುವುದು ಸಹಜ, ಅಲ್ವಾ?

1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದಾಗ ಇವರು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಅಕ್ಷರ ಚೆಂದ. ಗೇಣಿ ಭೂಮಿ ತಮ್ಮದಾಗಬೇಕಾದರೆ ಉಳುತ್ತಿದ್ದವರೆಲ್ಲ ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಕೊಡಬೇಕಿತ್ತು, ಬರೆಯಲು ಬರುವವರು ಕಡಿಮೆ. ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಅದರ ಅರ್ಜಿ, ನಮೂನೆ 7, ತುಂಬಿಕೊಟ್ಟರು. ಬರೆದು ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿರಲಿಲ್ಲ. ಸರ್ವೆ ನಂಬರಿನಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿ, "ಹೌದನಾ? ಸರಿ ಉಂಟಾ?" ಅಂತ ಕೇಳುತ್ತಿದ್ದರು. ನಮ್ಮ ಅಜ್ಜನ ಅರ್ಜಿಯೂ ಅವರ ಕೈಬರಹದ್ದೇ. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಅವರ ರಾಜಕೀಯವೆಲ್ಲ ಇಷ್ಟೇ ಅಂತ ನನ್ನ ಲೆಕ್ಕ.

ಅದನ್ನು ನಾನು ಕಣ್ಣಾರೆ ನೋಡಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಗ್ರಾಮಸಭೆ ನಡೆಯುತ್ತಿದ್ದುದು ನಮ್ಮ ಶಾಲೆಯ ಹಾಲಿನಲ್ಲೇ. ಸಮಾಜ ಪಾಠದ ಮೇಷ್ಟ್ರು ನಮ್ಮನ್ನೂ ಹಿಂದೆ ಕೂರಿಸಿದರು. ಪ್ರಧಾನರು ರಸ್ತೆ ಕೆಲಸದ ಬಿಲ್ಲು ಓದತೊಡಗಿದರು. ಜಲ್ಲಿ ಇಷ್ಟು ಲೋಡು, ಮರಳು ಇಷ್ಟು, ಕೂಲಿ ಇಷ್ಟು. ಸಭೆ ತೂಕಡಿಸುತ್ತಿತ್ತು. ಪ್ರಧಾನರಿಗೆ ಸಿಟ್ಟು ಬಂತು. "ಎಂತಕ್ಕೆ ಸುಮ್ನೆ ಕೂತಿದ್ದೀರಿ? ನಿಮ್ಮ ದುಡ್ಡಿನ ಲೆಕ್ಕ ಓದ್ತಿದ್ದೇನೆ." ಆಗ ಮೂಲೆಯಿಂದ ಒಬ್ಬ ಅಜ್ಜಿ ಎದ್ದಳು. "ಅಷ್ಟು ಲೋಡು ಎಲ್ಲಿಂದ ಬಂತು ಮಾರಾಯ? ಲಾರಿ ಹೋಗೋದಕ್ಕೆ ನಮ್ಮನೆ ಮುಂದಿನ ದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ನಾನು ದಿನಾ ಜಗಲಿ ಮೇಲೇ ಇರ್ತೇನೆ."

ಹಾಲ್ ಪೂರ್ತಿ ಎಚ್ಚರಾಯಿತು. ಕೆಲಸ ಹಿಡಿದಿದ್ದವನು ಪ್ರಧಾನರ ಹತ್ತಿರದ ನೆಂಟ, ಅಲ್ಲೇ ಎರಡನೇ ಸಾಲಿನಲ್ಲಿದ್ದ. ಪ್ರಧಾನರು ಅವನ ಮುಖ ನೋಡಲಿಲ್ಲ. ಕಾರ್ಯದರ್ಶಿಗೆ ಪುಸ್ತಕದಲ್ಲಿ ಬರೆಸಿದರು: ಬಿಲ್ಲು ತಡೆಹಿಡಿಯುವುದು, ಜಲ್ಲಿ ಮತ್ತೆ ಅಳೆಯುವುದು. ಬರೆಸಿ, ಅದನ್ನೂ ಓದಿದರು. ನಮ್ಮ ಪೌರನೀತಿ ಪುಸ್ತಕದಲ್ಲಿ ಗ್ರಾಮಸಭೆಗೆ ಒಂದು ಪ್ಯಾರಾ ಇತ್ತು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡುವ ಕೆಲಸವೇ ಬೀಳಲಿಲ್ಲ.

ಊರಿನ ಸಂತೆಯನ್ನು ಮತ್ತೆ ಎಬ್ಬಿಸಿದ್ದೂ ಅವರೇ. ಬಸ್ಸು ಬಂದ ಮೇಲೆ ಜನ ಪೇಟೆಯ ಸಂತೆಗೆ ಹೋಗಿ, ನಮ್ಮ ಸಂತೆಮಾಳದಲ್ಲಿ ದನ ಮೇಯುತ್ತಿದ್ದವು. ಅದಕ್ಕೆ ಅವರು ದೊಡ್ಡ ಯೋಜನೆಯನ್ನೇನೂ ತರಲಿಲ್ಲ. ಪೇಟೆ ಸಂತೆಯೂ ನಮ್ಮದೂ ಒಂದೇ ದಿನ ಬೀಳುತ್ತಿತ್ತು, ದಿನ ಬದಲಾಯಿಸಿದರು. ತಲೆಹೊರೆಯಲ್ಲಿ ತಂದು ಮಾರುವವರಿಗೆ ಸುಂಕ ಬಿಟ್ಟರು. ಸುಂಕದ ಹರಾಜು ಹಿಡಿಯುವವನು ಗಲಾಟೆ ಮಾಡಿದ, ಮಾಡಲಿ ಅಂದರು. ಅಪ್ಪೆಮಿಡಿ, ಹಲಸಿನ ಹಪ್ಪಳ, ವಾಟೆಹುಳಿ, ಬಿದಿರಿನ ಬುಟ್ಟಿ ಹಿಡಿದುಕೊಂಡು ಹೆಂಗಸರು ಬಂದರು. ಅವರ ಹಿಂದೆ ಒಣಮೀನಿನವರು ಬಂದರು, ಆಮೇಲೆ ಬಟ್ಟೆಯವರು, ಚಾದಂಗಡಿ. ಸಂತೆ ದಿನ ನಮಗೆ ಸಂಜೆಯ ಕ್ಲಾಸು ತಲೆಗೆ ಹತ್ತುತ್ತಿರಲಿಲ್ಲ, ಆ ಮಾತು ಬೇರೆ.

ಹಾಗಂತ ಅವರು ದೇವರಲ್ಲ. ಮಹಾ ಹಟಮಾರಿ. ಭಾಷಣ ಶುರು ಮಾಡಿದರೆ ಸ್ವಾತಂತ್ರ್ಯ ದಿನದ ಮಿಠಾಯಿಗೆ ಇರುವೆ ಹತ್ತುವ ತನಕ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಮನೆಗಂದಾಯ ಬಾಕಿ ಇದ್ದವರ ಹೆಸರನ್ನೆಲ್ಲ ಸಭೆಯಲ್ಲಿ ಓದಿಬಿಟ್ಟರು. ಕೊಡಲು ಮನಸ್ಸಿಲ್ಲದವರೂ ಅದರಲ್ಲಿದ್ದರು, ಕೈಯಲ್ಲಿ ಕಾಸಿಲ್ಲದವರೂ ಇದ್ದರು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಓದಿದ್ದು ತಪ್ಪು ಅಂತ ನನಗೆ ಈಗಲೂ ಅನಿಸುತ್ತದೆ. 2000ದ ಚುನಾವಣೆಯಲ್ಲಿ ಸೋತರು. ಸೋತವರು ಐದು ವರ್ಷ ಒಂದು ಗ್ರಾಮಸಭೆಯನ್ನೂ ತಪ್ಪಿಸಲಿಲ್ಲ. ಗೆದ್ದವರಿಗೆ ಅದು ಎಂಥ ಕಷ್ಟ ಅಂತ ಊಹಿಸಿಕೊಳ್ಳಿ.

2005ರಲ್ಲಿ ಗೆದ್ದು ಅಧ್ಯಕ್ಷರಾದರು. ಶಾಲೆಯ ಹಳ್ಳದ ಮೇಲೆ ಅಡಿಕೆ ದಬ್ಬೆಯ ಸಂಕ ಆಗಲೂ ಹಾಗೇ ಇತ್ತು. ಆಚೆ ದಡ ಅರಣ್ಯ ಭೂಮಿ, ಕಾಂಕ್ರೀಟ್ ಹಾಕುವ ಹಾಗಿಲ್ಲ ಅಂತ ಫೈಲು ಸುತ್ತುತ್ತಲೇ ಇತ್ತು. 30 ತಿಂಗಳ ಅಧ್ಯಕ್ಷಗಿರಿ ಮುಗಿದರೂ ಆಗಲಿಲ್ಲ. ಅಷ್ಟರಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದಿತ್ತು. ಎಲ್ಲರೂ ಅದರಲ್ಲಿ ಮನೆ, ಗದ್ದೆಯ ಹಕ್ಕಿನ ಪುಟ ನೋಡುತ್ತಿದ್ದಾಗ ಇವರು ಇನ್ನೊಂದು ಕಲಮು ಹಿಡಿದುಕೊಂಡು ಬಂದರು. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆಯಂಥ ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಿಟ್ಟುಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವ ಹಾಗಿರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ನಮಗೆ ಕಡಿಯಬೇಕಾದ ಮರವೇ ಇರಲಿಲ್ಲ. ಠರಾವು ಬರೆದರು, ಓದಿದರು, ಆಚೆ ದಡದವರೆಲ್ಲ ಸಹಿ ಹಾಕಿದರು. ಆಗ ಅವರು ಬರೀ ಮೆಂಬರು. ಮರುವರ್ಷದ ಬೇಸಿಗೆಯಲ್ಲಿ ಸೇತುವೆಯಾಯಿತು. ಉದ್ಘಾಟನೆಯ ಕಲ್ಲಿನಲ್ಲಿ ಅವರ ಹೆಸರಿಲ್ಲ.

2010ರಲ್ಲಿ ಅವರ ವಾರ್ಡು ಮಹಿಳೆಗೆ ಮೀಸಲಾಯಿತು. ಹೆಂಡತಿಯನ್ನು ನಿಲ್ಲಿಸಿ ತಾವು ಕುರ್ಚಿಯಲ್ಲಿ ಕೂರುವುದು ಸುತ್ತಮುತ್ತ ನಡೆದೇ ಇತ್ತು. ಇವರು ಆಚೆ ದಡದಲ್ಲಿದ್ದ ನನ್ನ ಕ್ಲಾಸ್‌ಮೇಟಿನ ಮನೆಗೆ ಹೋಗಿ, "ಕೂಸೇ, ನೀನು ನಿಲ್ಲು" ಅಂದರು. ಅವಳು ಗೆದ್ದು ಅಧ್ಯಕ್ಷೆಯೂ ಆದಳು. ಮೊದಲ ಗ್ರಾಮಸಭೆಯಲ್ಲೇ ನೀರಿನ ಟ್ಯಾಂಕಿನ ಬಿಲ್ಲು ಓದುವಾಗ ಮುಂದಿನ ಸಾಲಿನಿಂದ ಪ್ರಧಾನರು ಎದ್ದರು.

"ಅಧ್ಯಕ್ಷರೇ, ಪೈಪು ಎಷ್ಟು ಉದ್ದ ಅಂದಿರಿ?"

ಇವಳು ಇನ್ನೊಮ್ಮೆ ಓದಿದಳು. ಅವರು ಕೂರಲಿಲ್ಲ. ಇವಳಿಗೂ ಅವರ ಗುಣ ಗೊತ್ತು. "ಟೇಪು ತರಿಸಿದ್ದೇನೆ ಪ್ರಧಾನರೇ, ಸಭೆ ಮುಗಿದ ಮೇಲೆ ಅಳೆಯೋಣ. ಒಂದು ತುದಿ ನೀವೇ ಹಿಡಿಯಬೇಕು" ಅಂದಳು.