ಅಜ್ಜಿಗೆ ಬಾಣ ಇರಲಿಲ್ಲ

ಮಗನ ಪ್ರಾಜೆಕ್ಟ್ ಹಾಳೆ ಸೋಮವಾರ ಶಾಲೆಯಿಂದ ವಾಪಸ್ ಬಂತು. ಭೂಕಂಪ ಆದರೆ ಮನೆಯವರೆಲ್ಲ ಹೇಗೆ ಹೊರಗೆ ಬರುತ್ತೀರಿ, ನಕ್ಷೆ ಬರೆಯಿರಿ ಅಂತ ಕೊಟ್ಟಿದ್ದರು. ಚೆನ್ನಾಗಿ ಬರೆದಿದ್ದ. ಹಾಲು, ಅಡುಗೆಮನೆ, ಮೂರು ರೂಮು, ಮೆಟ್ಟಿಲು, ರಸ್ತೆ ದಾಟಿದರೆ ಪಾರ್ಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ. ಎಲ್ಲ ಬಾಣಗಳೂ ಪಾರ್ಕಿನ ಜಾರುಬಂಡೆ ಹತ್ತಿರ ಬಂದು ಸೇರಿದ್ದವು. ಟೀಚರ್ 10ಕ್ಕೆ 9 ಕೊಟ್ಟು ಕೆಳಗೆ 'ವೆರಿ ಗುಡ್' ಬರೆದಿದ್ದರು.

ಬಾಣ ಎಣಿಸಿದೆ. ನಾಲ್ಕು. ಮನೆಯಲ್ಲಿ ನಾವು ಐದು ಜನ.

ಅಜ್ಜಿಯ ರೂಮನ್ನೂ ಬರೆದಿದ್ದ. ಮಂಚ, ಮಂಚದ ಪಕ್ಕ ಪುಟ್ಟದಾಗಿ ವಾಕರ್. ಅಲ್ಲಿಂದ ಯಾವ ಬಾಣವೂ ಹೊರಟಿರಲಿಲ್ಲ.

"ಅಜ್ಜಿದು ಎಲ್ಲೋ?" ಅಂದೆ.

"ಅಜ್ಜಿನೇ ಬೇಡ ಅಂದ್ರಮ್ಮ."

ಅತ್ತೆ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಕೇಳಿದೆ. ತಲೆ ಎತ್ತದೇ ಹೇಳಿದರು: "ಹೌದವ್ವ, ನಾನೇ ಅಂದೆ. ಆ ಮೆಟ್ಟಿಲು ಇಳಿಯಾಕೆ ನನಗೆ ಕಾಲು ಗಂಟೆ ಬೇಕು. ಹುಡುಗ ನನ್ನ ಕೈ ಹಿಡ್ಕಂಡು ನಿಂತ್ರೆ ಅವನೂ ಹೋಗ್ತಾನೆ. ನೀವು ಹೋಗ್ರಿ. ನಾನು ಇಲ್ಲೇ ಇರ್ತೀನಿ."

ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಹೇಳುವ ದನಿಯಲ್ಲೇ ಹೇಳಿದರು. ಕಣ್ಣಲ್ಲಿ ನೀರಿಲ್ಲ, ಮುನಿಸಿಲ್ಲ. ಹೇಳಿ ಮುಗಿಸಿ ಇನ್ನೊಂದು ಬತ್ತಿ ಹೊಸೆದು ಡಬ್ಬಿಗೆ ಹಾಕಿದರು. ಆ ಬೆರಳು, ಆ ಬತ್ತಿ, 'ನೀವು ಹೋಗ್ರಿ' ಅನ್ನೋ ಆ ಎರಡು ಮಾತು. ವಾರ ಪೂರ್ತಿ ಬೇರೇನೂ ತಲೆಗೆ ಹತ್ತಲಿಲ್ಲ.

ಯಜಮಾನರಿಗೆ ಹೇಳಿದೆ. "ದಾವಣಗೆರೆಯಲ್ಲಿ ಯಾವ ಭೂಕಂಪ? ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಒಳ್ಳೆ ಮನುಷ್ಯ, ಆದರೆ ಕಣ್ಣ ಮುಂದೆ ನಡೆಯದ್ದನ್ನು ನಂಬಲ್ಲ. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ದೇಶದ ಭೂಕಂಪ ಅಪಾಯದ ನಕ್ಷೆಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಇಷ್ಟು ವರ್ಷ ಎರಡನೇ ವಲಯದಲ್ಲೇ ಇದ್ದವು, ಅಂದರೆ ಅಪಾಯ ಕಡಿಮೆ ಇರುವ ಜಾಗ. ಆದರೆ ಮಹಾರಾಷ್ಟ್ರದ ಲಾತೂರ್ ಕಡೆಯ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಹೊತ್ತು. ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. 6.2ರಷ್ಟು ತೀವ್ರತೆ, ಸುಮಾರು 10,000 ಜೀವ. ಅದಾದ ಮೇಲೆ ನಕ್ಷೆಯನ್ನೇ ತಿದ್ದಬೇಕಾಯಿತು.

ಕಿಲ್ಲಾರಿ ವಿಷಯ ನನಗಿಂತ ಅತ್ತೆಗೇ ಚೆನ್ನಾಗಿ ಗೊತ್ತು. ಮಾವ ಆಗ ಪೇಪರ್ ಜೋರಾಗಿ ಓದಿ ಹೇಳುತ್ತಿದ್ದರಂತೆ. ಅತ್ತೆಯ ತವರು ಜಗಳೂರು ಕಡೆಯ ಹಳ್ಳಿ. ಕಲ್ಲು, ಮಣ್ಣಿನ ಗೋಡೆ, ಮಾಳಿಗೆ ಮನೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹಾಕಬೇಕು, ಇಲ್ಲದಿದ್ದರೆ ಸೋರುತ್ತೆ. "ವರ್ಷಾ ವರ್ಷಾ ಹಾಕೋದು, ಹಳೇದು ತೆಗೆಯೋರು ಯಾರು?" ಅಂದರು. ಕಿಲ್ಲಾರಿಯಲ್ಲೂ ಹಾಗೇ ಇತ್ತು. ಚಾವಣಿ ಮೇಲೆ ಒಂದೆರಡು ಅಡಿ ದಪ್ಪ ಮಣ್ಣು. ಕೆಳಗೆ ಎರಡು ಪದರದ ದಪ್ಪ ಗೋಡೆ. ಒಳಗಿನ ಕಲ್ಲಿಗೂ ಹೊರಗಿನ ಕಲ್ಲಿಗೂ ಬಿಗಿಯಾದ ಕಟ್ಟು ಇಲ್ಲ. ನೆಲ ಅಲುಗಿದಾಗ ಗೋಡೆ ಹೊಟ್ಟೆ ಬಿಟ್ಟು ಒಡೆಯಿತು, ಮೇಲಿದ್ದ ಭಾರವೆಲ್ಲ ಮಲಗಿದ್ದವರ ಮೇಲೆ ಬಂತು. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ ಅಂತ ಕಟ್ಟಿಕೊಂಡ ಮನೆಗಳು ಅವು.

ನಾವಿರುವುದು ವಿನೋಬನಗರದಲ್ಲಿ, ಪಿಲ್ಲರ್ ಹಾಕಿ ಕಟ್ಟಿದ ಮನೆ, ಮೇಲಿನ ಮಹಡಿ. ಅತ್ತೆ ಹೋದ ದೀಪಾವಳಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಅಷ್ಟೇ.

ಯೋಚಿಸುತ್ತಾ ಹೋದ ಹಾಗೆ ನನಗೆ ಬೇರೆ ಏನೋ ಕಾಣಿಸತೊಡಗಿತು. ಅತ್ತೆ 'ಬೇಡ' ಅಂದಿದ್ದು ಇದೇ ಮೊದಲಲ್ಲ. ಚಿತ್ರದುರ್ಗದ ಮದುವೆಗೆ ಹೊರಟಾಗ "ನಾನು ಒಲ್ಲೆ, ಕಾರಲ್ಲಿ ಇಕ್ಕಟ್ಟಾಗ್ತದೆ" ಅಂದರು. ಕೊಂಡಜ್ಜಿ ಕೆರೆಗೆ ಹೋದಾಗಲೂ ಅದೇ ಮಾತು. ನಾವು ಬಾಯಿ ತೆರೆಯುವ ಮೊದಲೇ ಅವರೇ ದಾರಿ ಬಿಟ್ಟು ಕೊಡುತ್ತಾರೆ. ನಾವೂ ಎರಡನೇ ಸಲ ಕೇಳುವುದಿಲ್ಲ. 'ಅತ್ತೆ ಬರಲ್ಲಂತೆ' ಅಂತ ಬೀಗ ಹಾಕಿಕೊಂಡು ಹೊರಡುತ್ತೇವೆ. ನಾದಿನಿಗೆ ಫೋನ್ ಮಾಡಿ ಹೇಳಿದರೆ, "ಅವ್ವ ಮೊದಲಿಂದ್ಲೂ ಹಂಗೇ ಅತ್ತಿಗೆ" ಅಂದಳು. ತಾಯಿ ಅಂದರೆ ಅವಳಿಗೆ ಪ್ರಾಣ, ಆದರೆ ವರ್ಷದಲ್ಲಿ ನಾಲ್ಕು ದಿನ ನೋಡುವವಳಿಗೆ ಇದು ತಿಳಿಯುವುದಿಲ್ಲ. ಮೊದಲಿಂದಲೂ ಹಾಗಲ್ಲ. ನಾನು ಮದುವೆಯಾಗಿ ಬಂದಾಗ ಎಲ್ಲರಿಗಿಂತ ಮುಂಚೆ ರೆಡಿಯಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದವರು ಇವರೇ. ಆ 'ಬೇಡ' ಅವರಿಗೆ ರೂಢಿಯಾಗಲಿಕ್ಕೆ ನಾವು ಬಿಟ್ಟಿದ್ದೇವೆ. ಮಗ ಅದನ್ನು ಇದ್ದ ಹಾಗೆ ಬರೆದ. ಟೀಚರ್‌ಗೂ ಆ ಮಂಚ ಕಾಣಿಸಲಿಲ್ಲ.

ಬುಧವಾರ ರಾತ್ರಿ ಕೂತು, ಭೂಕಂಪ ಆದಾಗ ಏನು ಮಾಡಬೇಕು ಅಂತ ಮಗನ ಜೊತೆ ಎಲ್ಲ ಓದಿದೆ. ಓದಿದ ಮೇಲೆ ಗೊತ್ತಾಯಿತು, ಅತ್ತೆಯ ಲೆಕ್ಕವೇ ತಪ್ಪು. ನೆಲ ನಡುಗುವಾಗ ಯಾರೂ ಮೆಟ್ಟಿಲಿಗೆ ಓಡಬಾರದು. ನಡುಕ ಇರುವುದು ಸಾಮಾನ್ಯವಾಗಿ ಕೆಲವು ಸೆಕೆಂಡು, ದೊಡ್ಡದಾದರೆ ಒಂದೆರಡು ನಿಮಿಷ. ನಮ್ಮಂಥ ಮನೆಯಲ್ಲಿ ಆಗ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡಿದುಕೊಳ್ಳಬೇಕು. ಮಂಚದಲ್ಲಿ ಇರುವವರು ಮಂಚದಲ್ಲೇ ಇದ್ದು ದಿಂಬಿನಿಂದ ತಲೆ, ಕತ್ತು ಮುಚ್ಚಿಕೊಳ್ಳಬೇಕು. ಇಳಿಯುವುದು ನಡುಕ ನಿಂತ ಮೇಲೆ. ಅಂದರೆ ಆ ಹೊತ್ತಿನಲ್ಲಿ ಅತ್ತೆಗೂ ನಮಗೂ ಏನೂ ವ್ಯತ್ಯಾಸವೇ ಇಲ್ಲ! ಮಗ ಎದ್ದು ಓಡಿ ಹೋಗಿ ಮೊದಲು ಅದನ್ನೇ ಹೇಳಿದ. "ಅಜ್ಜಿ, ಯಾರೂ ಓಡಂಗಿಲ್ಲ. ನಾವೂ ಓಡಂಗಿಲ್ಲ."

ಆಮೇಲೆ ಅತ್ತೆ ರೂಮಿನಲ್ಲಿ ಲೈಟು ಹಾಕಿ ಮೇಲೆ ನೋಡಿದೆ. ಎದೆ ಧಸಕ್ಕೆಂದಿತು. ಅವರ ತಲೆ ನೇರಕ್ಕೆ ಸಜ್ಜಾ. ಅದರ ಮೇಲೆ ತಾಮ್ರದ ಹಂಡೆ, ಎರಡು ಕೊಪ್ಪರಿಗೆ, ಹಳೇ ಮಿಕ್ಸಿ, ಒರಳುಕಲ್ಲಿನ ಗುಂಡು. ಕಾಲ ಬಳಿ ಗೋಡೆಗೆ ಸುಮ್ಮನೆ ನಿಲ್ಲಿಸಿದ ಕಬ್ಬಿಣದ ಬೀರು. ಇಷ್ಟು ವರ್ಷ ಆ ರೂಮನ್ನು ದಿನಾ ಗುಡಿಸಿದ್ದೇನೆ. ಒಂದು ದಿನವೂ ತಲೆ ಎತ್ತಿ ನೋಡಿಲ್ಲ.

ಗುರುವಾರ ಹಂಡೆ ಕೆಳಗಿಳಿಯಿತು. ಮಂಚ ಕಿಟಕಿಯಿಂದಲೂ ಸಜ್ಜಾದಿಂದಲೂ ದೂರಕ್ಕೆ ಬಂತು. ಬಡಗಿಯನ್ನು ಕರೆಸಿ ಬೀರುವನ್ನು ಎಲ್ ಆಕಾರದ ಪಟ್ಟಿ ಹಾಕಿ ಗೋಡೆಗೆ ಬಿಗಿಸಿದೆವು. ಯಜಮಾನರು ಮಾತಾಡದೆ ಸ್ಟೂಲ್ ಹಿಡಿದುಕೊಂಡರು. ಅಡುಗೆಮನೆಯಲ್ಲಿ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡುವುದು ಮಗಳ ಕೆಲಸ, ಮೇನ್ ಸ್ವಿಚ್ ಮಗನದು. ಒಂದು ಬ್ಯಾಗಿನಲ್ಲಿ ನೀರು, ಟಾರ್ಚ್, ಸೀಟಿ, ಅತ್ತೆಯ ಬಿಪಿ ಮಾತ್ರೆ, ಡಾಕ್ಟರ್ ಚೀಟಿ, ಆಧಾರ್ ಜೆರಾಕ್ಸ್. 112 ನಂಬರನ್ನು ಅತ್ತೆ ಫೋನಿನಲ್ಲಿ ಮೊದಲ ಬಟನ್‌ಗೆ ಹಾಕಿಕೊಟ್ಟೆ.

ಶುಕ್ರವಾರ ರಾತ್ರಿ ಮೇನ್ ಆಫ್ ಮಾಡಿ ಒಂದು ಸಲ ಮಾಡಿ ನೋಡಿದೆವು. ಎಲ್ಲ ಸರಿ ಹೋಯಿತು, ಗ್ರಿಲ್ ಗೇಟಿನ ಹತ್ತಿರ ನಿಂತಿತು. ಬೀಗದ ಕೈ ಇಲ್ಲ. ಫ್ರಿಜ್ ಮೇಲೆ, ದೇವರ ಮನೆ ಮೊಳೆಯಲ್ಲಿ, ಯಜಮಾನರ ಪ್ಯಾಂಟ್ ಜೇಬಲ್ಲಿ ಹುಡುಕಿದ್ದೇ ಹುಡುಕಿದ್ದು. ಮಗ ಎಣಿಸುತ್ತಿದ್ದ. ನಾಲ್ಕು ನಿಮಿಷ! ಕತ್ತಲೆಯಲ್ಲಿ ಐದೂ ಜನ ಕಂಬಿ ಹಿಂದೆ ನಿಂತಿದ್ದೆವು. ಆಗ ಯಜಮಾನರ ಮುಖ ನೋಡಬೇಕಿತ್ತು. ನಾನು ವಾರ ಪೂರ್ತಿ ಹೇಳಿದ್ದು ಅವರಿಗೆ ನಾಟಿದ್ದು ಆ ಬಾಗಿಲಲ್ಲಿ. ಈಗ ಒಂದು ಬೀಗದ ಕೈ ಗೇಟಿನ ಪಕ್ಕದ ಗೋಡೆಯಲ್ಲಿ ತೂಗುತ್ತಿದೆ, ಮಗನ ಕೈಗೂ ಎಟುಕುವ ಎತ್ತರದಲ್ಲಿ.

ಅತ್ತೆಯನ್ನು ಇಳಿಸುವುದನ್ನೂ ನೋಡಿದೆವು. ಕೆಳಗಿನ ಮನೆ ಹುಡುಗ, ಕಾಲೇಜಿಗೆ ಹೋಗುವವನು, ಕರೆಯದೆಯೇ ಹತ್ತಿ ಬಂದ. ಅಂಥ ಹುಡುಗರು ಪಕ್ಕದಲ್ಲಿ ಇರಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಕಟ್ಟಿ, ಅವನು ಮುಂದೆ, ಯಜಮಾನರು ಹಿಂದೆ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಅತ್ತೆ "ನಿಲ್ರಿ, ನಿಲ್ರಿ" ಅಂದರು. ಮತ್ತೆ ಬೇಡ ಅಂತಾರೆ ಅಂದುಕೊಂಡೆ.

"ಈ ಕುರ್ಚಿ ಕಾಲು ಬಗ್ತಾ ಐತಿ. ನಿಮ್ಮ ಮಾವನ ಮರದ ಕುರ್ಚಿ ತಗೊಂಬಾರವ್ವ" ಅಂದರು. "ಅದಕ್ಕೆ ಕೈ ಐತಿ, ನಾನೂ ಹಿಡ್ಕಂಡು ಕೂರ್ತೀನಿ."